ಆರು ಸಾವಿರದ ಐನೂರ ಇಪ್ಪತ್ತೊಂಬತ್ತು ಹಲ್ಲಿನ ಚಕ್ರ

ನಾನು ಶಾಲೆ ಬಿಟ್ಟದ್ದು 1984ರಲ್ಲಿ, ಎಂಟನೇ ಇಯತ್ತೆಯ ನಡುವೆ. ಫೇಲಾಗಿ ಬಿಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಲೆಕ್ಕದಲ್ಲಿ ನನಗೆ ಯಾವಾಗಲೂ ಎಂಬತ್ತರ ಮೇಲೇ ಬರುತ್ತಿತ್ತು. ರಾಯಚೂರಿನಲ್ಲಿ ಸೋದರಮಾವನ ಲೇಥ್ ಅಂಗಡಿಗೆ ಒಬ್ಬ ಆಳು ಬೇಕಾಗಿತ್ತು, ಮನೆಯಲ್ಲಿ ಖಾಲಿ ಕೂತಂತೆ ಕಾಣುತ್ತಿದ್ದವನು ನಾನೊಬ್ಬನೇ. ಹೋದೆ. 1991ರಲ್ಲಿ ಬೆಂಗಳೂರಿಗೆ ಬರುವಷ್ಟರಲ್ಲಿ ಕಬ್ಬಿಣದ ಯಾವ ತುಂಡು ಕೊಟ್ಟರೂ ಹೇಳಿದ ಅಳತೆಗೆ ತರುವ ಕೈ ನನಗೆ ಬಂದಿತ್ತು. ಸರ್ಟಿಫಿಕೇಟು ಮಾತ್ರ ಇರಲಿಲ್ಲ.

ಹಲಸೂರು ಮಾರ್ಕೆಟ್ಟಿನ ಹಿಂದಿನ ಒಂದು ಗಲ್ಲಿಯಲ್ಲಿ ಗೇರ್ ಕೊರೆಯುವ ಶೆಡ್ಡಿಗೆ ಸೇರಿದೆ. ಗೇರ್ ಅಂದರೆ ಹಲ್ಲಿನ ಚಕ್ರ, ಅಷ್ಟೇ. ಓನರ್ ತಮಿಳು ಮನೆಮಾತಿನವರು, ಕಂಟೋನ್ಮೆಂಟಿನಲ್ಲೇ ಹುಟ್ಟಿ ಬೆಳೆದವರು. ಸಿಟ್ಟು ಬಂದರೆ ತಮಿಳು, ಲೆಕ್ಕ ಹೇಳುವಾಗ ಇಂಗ್ಲಿಷು, ನಮ್ಮನ್ನು ಪುಸಲಾಯಿಸುವಾಗ ಮಾತ್ರ ಕನ್ನಡ. ಹಾಗಾಗಿ ಅವರು ಕನ್ನಡದಲ್ಲಿ ಮಾತು ಶುರುಮಾಡಿದರೆ ನಾನು ಎಚ್ಚರವಾಗುತ್ತಿದ್ದೆ.

ಆ ಶೆಡ್ಡಿನಲ್ಲಿ ನನ್ನ ಮರ್ಯಾದೆಯೆಲ್ಲ ಒಂದು ಉಪಕರಣದ ಮೇಲೆ ನಿಂತಿತ್ತು. ಡಿವೈಡಿಂಗ್ ಹೆಡ್ ಅನ್ನುತ್ತೇವೆ. ಚಕ್ರದ ಸುತ್ತಳತೆಯನ್ನು ಸಮಭಾಗ ಮಾಡಿಕೊಡುವ ಯಂತ್ರ ಅದು. ಹಿಡಿಯನ್ನು ನಲವತ್ತು ಸಲ ತಿರುಗಿಸಿದರೆ ಚಕ್ರ ಒಂದು ಸಲ ತಿರುಗುತ್ತದೆ. ಹಿಡಿಯ ಹಿಂದೆ ತೂತುಗಳಿರುವ ಪ್ಲೇಟು. ಒಂದು ಸುತ್ತಿನಲ್ಲಿ ಹದಿನೇಳು ತೂತು, ಇನ್ನೊಂದರಲ್ಲಿ ಹತ್ತೊಂಬತ್ತು, ಹೀಗೆ ಮೂರು ಪ್ಲೇಟು ಸೇರಿ ನಲವತ್ತೊಂಬತ್ತರ ತನಕ. ಮೂವತ್ತೊಂದು ಹಲ್ಲಿನ ಚಕ್ರ ಬೇಕಾದರೆ ಮೂವತ್ತೊಂದು ತೂತಿನ ಸಾಲು ಹಿಡಿಯಬೇಕು. ಹಲ್ಲಿಗೊಂದು ಪೂರ್ತಿ ಸುತ್ತು, ಮೇಲೆ ಒಂಬತ್ತು ತೂತು. ಒಂದು ತೂತು ತಪ್ಪಿದರೂ ಕೊನೇ ಹಲ್ಲು ಅರ್ಧಕ್ಕೆ ಬಂದು ನಿಲ್ಲುತ್ತದೆ, ಇಡೀ ಚಕ್ರ ಗುಜರಿಗೆ. ಹೆಡ್ಡಿನ ಪೆಟ್ಟಿಗೆಯ ಬೀಗದ ಕೈ ನನ್ನ ಸೊಂಟದಲ್ಲಿರುತ್ತಿತ್ತು. ನೂರಿಪ್ಪತ್ತೇಳು ಹಲ್ಲಿನ ಚಕ್ರ ಯಾವ ಪ್ಲೇಟಿನಲ್ಲೂ ನೇರ ಕೂರುವುದಿಲ್ಲ, ಅದಕ್ಕೆ ಬೇರೆ ಚಕ್ರಗಳ ಜೋಡಣೆ ಬೇಕು. ಆ ಗಲ್ಲಿಯಲ್ಲಿ ಅದನ್ನು ಕೊರೆಯುತ್ತಿದ್ದವನು ನಾನೊಬ್ಬನೇ.

1998ರಲ್ಲಿ ಓನರ್ ತಮ್ಮ ಅಕ್ಕನ ಅಳಿಯನನ್ನು ಕರೆತಂದರು. ಡಿಪ್ಲೊಮಾ ಮಾಡಿದವನು, ನಮ್ಮ ಬಾಯಲ್ಲಿ ಅವನಿಗೆ ಅದೇ ಹೆಸರಾಯಿತು; ಮೂವತ್ತರ ಆಸುಪಾಸು, ಜೇಬಿನಲ್ಲಿ ಸೈಂಟಿಫಿಕ್ ಕ್ಯಾಲ್ಕುಲೇಟರ್. ಬಂದ ವಾರವೇ ಓನರ್ ನನ್ನನ್ನು ಕರೆದು ಕನ್ನಡದಲ್ಲಿ ಮಾತಾಡಿದರು.

“ನೋಡಪ್ಪಾ, ನಿನ್ನ ಕೈ ಬಂಗಾರ. ಇವನಿಗೂ ಸ್ವಲ್ಪ ಹೆಡ್ ತೋರಿಸ್ಕೊಡು. ಕೀ ಇಬ್ಬರ ಹತ್ರಾನೂ ಇರ್ಲಿ.”

“ಒಂದೇ ಕೀ ಇರೋದು ಸಾರ್.”

“ಮಾಡಿಸಿದ್ರಾಯ್ತು, ಎನ್ನ ಕಷ್ಟಂ?”

ಎರಡನೇ ಕೀ ಬಂದಮೇಲೆ ಮೊದಲನೆಯದು ಎಲ್ಲಿಗೆ ಹೋಗುತ್ತದೆ ಅಂತ ನನಗೆ ಗೊತ್ತಿತ್ತು. ಹೆಡ್ ಹೋದರೆ ನಾನು ಆ ಶೆಡ್ಡಿನಲ್ಲಿ ತೂತು ಕೊರೆಯುವ ಹತ್ತರಲ್ಲಿ ಹನ್ನೊಂದನೆಯವನು. ಇವತ್ತು ನಾಳೆ ಅಂತ ಮುಂದೂಡಿದೆ.

ಅದೇ ತಿಂಗಳು ಇಂದಿರಾನಗರದಿಂದ ಒಬ್ಬ ಹಿರಿಯರು ಬಂದರು. ಸರ್ಕಾರಿ ಕಾರ್ಖಾನೆಯ ಡ್ರಾಯಿಂಗ್ ಸೆಕ್ಷನ್ನಿನಿಂದ ನಿವೃತ್ತರಾದವರು, ಏಪ್ರಿಲ್ಲಿನಲ್ಲೂ ಅರ್ಧ ತೋಳಿನ ಸ್ವೆಟರ್. ಪಂಚಾಂಗದ ಗಡಿಯಾರ ಮಾಡುತ್ತಿದ್ದೇನೆ ಅಂದರು. ಒಂದು ಚಕ್ರ ವರ್ಷಕ್ಕೆ, ಒಂದು ಚಕ್ರ ಹುಣ್ಣಿಮೆಗೆ. ಗ್ರಾಫ್ ಹಾಳೆ ಬಿಚ್ಚಿ ಎರಡು ಸಂಖ್ಯೆ ತೋರಿಸಿದರು. 43,20,000. ಇದು ಮಹಾಯುಗದ ವರ್ಷಗಳು. ಅಷ್ಟು ವರ್ಷದಲ್ಲಿ ಹಿಂದಿನವರ ಲೆಕ್ಕದ ಪ್ರಕಾರ ಬರುವ ಹುಣ್ಣಿಮೆಗಳು 5,34,33,336.

“ವರ್ಷದ ಚಕ್ರ ಇಷ್ಟು ಸುತ್ತು ಸುತ್ತಿದರೆ ಹುಣ್ಣಿಮೆ ಚಕ್ರ ಕರೆಕ್ಟಾಗಿ ಅಷ್ಟು ಸುತ್ತಬೇಕು. ಒಂದು ಸುತ್ತೂ ಹೆಚ್ಚುಕಮ್ಮಿ ಆಗಬಾರದು. ಆಗುತ್ತೇನಪ್ಪಾ?”

ನಾನು ಬಾಯಿ ತೆರೆಯುವ ಮೊದಲೇ ಡಿಪ್ಲೊಮಾ “ಆಗುತ್ತೆ ಸಾರ್” ಅಂದ. ಓನರ್ ನನ್ನ ಕಡೆ ನೋಡಿದರು. “ನೀನೇ ಲೆಕ್ಕ ಹಾಕು. ಶನಿವಾರ ಹೇಳು. ನಿನ್ನ ಕೈಲಿ ಆಗ್ಲಿಲ್ಲ ಅಂದ್ರೆ ಹೆಡ್ ಇವನಿಗೆ ಕೊಟ್ಬಿಡು, ಇವನು ಮಾಡ್ತಾನೆ.”

ಆ ಸಂಖ್ಯೆಯನ್ನು ನೋಡಿದ ಕೂಡಲೇ ನನಗೆ ಗುಮಾನಿ ಬಂತು. ಐದು, ಮೂರು, ನಾಲ್ಕು, ಆಮೇಲೆ ಸಾಲಾಗಿ ಮೂರು ಮೂರು ಮೂರು ಮೂರು, ಕೊನೆಗೆ ಆರು. ನಿಜವಾದ ಸಂಖ್ಯೆ ಹೀಗೆ ಇರುತ್ತದೆಯೇ? ಯಾರೋ ಕೂತು ಬರೆದ ಹಾಗಿದೆ. ನನ್ನನ್ನು ಕೆಡವಲಿಕ್ಕೆ ಡಿಪ್ಲೊಮಾ ಈ ಮುದುಕರನ್ನು ಹಿಡಿದು ತಂದಿದ್ದಾನೆ ಅಂತಲೇ ಅಂದುಕೊಂಡೆ.

ಆದರೂ ಕೆಲಸ ಕೆಲಸವೇ. ಇಂಥ ಸಂಖ್ಯೆಯನ್ನು ಚಕ್ರಗಳಿಗೆ ಇಳಿಸಬೇಕಾದರೆ ಅದನ್ನು ಒಡೆಯಬೇಕು. ಅರವತ್ತು ಪಟ್ಟು ವೇಗ ಬೇಕಾದರೆ ಆರು ಪಟ್ಟಿನ ಒಂದು ಜೋಡಿ, ಹತ್ತು ಪಟ್ಟಿನ ಒಂದು ಜೋಡಿ. ಆರು ಹತ್ತಲಿ ಅರವತ್ತು. ಎಷ್ಟೇ ದೊಡ್ಡ ಸಂಖ್ಯೆಯಾಗಲಿ, ಗುಣಾಕಾರದಲ್ಲಿ ಸಣ್ಣ ಸಣ್ಣ ಚೂರುಗಳಾಗಿ ಬಿಟ್ಟುಕೊಂಡರೆ ಪ್ರತಿ ಚೂರೂ ಒಂದು ಚಕ್ರವಾಗುತ್ತದೆ. ಬಿಟ್ಟುಕೊಳ್ಳದಿದ್ದರೆ ಅದರಷ್ಟೇ ಹಲ್ಲಿನ ಚಕ್ರ ಕೊರೆಯಬೇಕು, ಬೇರೆ ದಾರಿಯಿಲ್ಲ.

ಆಗ ನಾವು ಕೆ.ಆರ್. ಪುರದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಹಲಸೂರಿಗೆ ಬಸ್ಸು. ರೈಲ್ವೆ ಗೇಟು ಹಾಕಿದರೆ ಅರ್ಧ ತಾಸು ಅಲ್ಲೇ. ಅದೇ ನನ್ನ ಕ್ಲಾಸ್‌ರೂಮು. ನಲವತ್ಮೂರು ಲಕ್ಷ ಇಪ್ಪತ್ತು ಸಾವಿರ ಮುಟ್ಟಿದರೆ ಉದುರಿತು. ಬರೀ ಎರಡು, ಮೂರು, ಐದು. ಇನ್ನೊಂದನ್ನು ಹಿಡಿದೆ. ಎಂಟರಿಂದ ಹೋಯಿತು. ಮೂರರಿಂದ ಹೋಯಿತು. ಉಳಿದದ್ದು 22,26,389. ಏಳರಿಂದ ಹೋಗಲಿಲ್ಲ. ಹನ್ನೊಂದರಿಂದ ಹೋಯಿತು, 2,02,399 ಆಯಿತು. ಆಮೇಲೆ ಹದಿಮೂರು, ಹದಿನೇಳು, ಹತ್ತೊಂಬತ್ತು, ಇಪ್ಪತ್ಮೂರು, ಇಪ್ಪತ್ತೊಂಬತ್ತು, ಯಾವುದಕ್ಕೂ ಜಗ್ಗಲಿಲ್ಲ. ಮೂವತ್ತೊಂದಕ್ಕೆ ಸಲೀಸಾಗಿ ಬಿಟ್ಟುಕೊಂಡಿತು. ಬಸ್ಸಿನಲ್ಲಿ ಪಕ್ಕದವನಿಗೆ ಕೇಳುವ ಹಾಗೆ “ಬಂತು!” ಅಂದೆ.

ಉಳಿದದ್ದು 6529.

ಇನ್ನೇನು, ಇದು ಚಿಕ್ಕದು, ಇದೂ ಒಡೆಯುತ್ತೆ ಅಂದುಕೊಂಡೆ. ಮೂವತ್ತೇಳಕ್ಕೆ ಹದಿನೇಳು ಉಳಿಯಿತು. ನಲವತ್ತೊಂದಕ್ಕೆ ಹತ್ತು. ನಲವತ್ಮೂರಕ್ಕೆ ಮೂವತ್ತಾರು. ನಲವತ್ತೇಳಕ್ಕೆ ನಲವತ್ಮೂರು. ಹಿಂದಕ್ಕೆ ಹೋಗಿ ಹದಿನೇಳನ್ನು ಮತ್ತೆ ನೋಡಿದೆ: ಒಂದೇ ಒಂದು ಉಳಿಯಿತು. ಆ ಒಂದು ನನ್ನನ್ನು ಎರಡು ದಿನ ಕಾಡಿತು. ಮುದುಕರು ಎಲ್ಲೋ ಒಂದು ಅಂಕಿ ತಪ್ಪು ಬರೆದಿದ್ದಾರೆ, ಅಥವಾ ಬೇಕಂತಲೇ ಬರೆದಿದ್ದಾರೆ.

ಶುಕ್ರವಾರ ಟೂಲ್ ತರಲಿಕ್ಕೆ ಶಿವಾಜಿನಗರಕ್ಕೆ ಹೋಗಿ ವಾಪಸು ಬರುವಾಗ ಗಲ್ಲಿಯ ಮೂಲೆಯ ಹೋಟೆಲಿನಲ್ಲಿ ಡಿಪ್ಲೊಮಾ ಮತ್ತು ಆ ಹಿರಿಯರು ಬೈ-ಟು ಕಾಫಿ ಕುಡಿಯುತ್ತ ಕೂತಿದ್ದು ಕಂಡೆ. ಡಿಪ್ಲೊಮಾ ತಲೆ ಬಗ್ಗಿಸಿ ಏನೋ ಹೇಳುತ್ತಿದ್ದ, ಅವರು ತಲೆ ಆಡಿಸುತ್ತಿದ್ದರು. ನನ್ನನ್ನು ಕಂಡು ಅವನು ಮಾತು ನಿಲ್ಲಿಸಿದ. ಅಲ್ಲಿಗೆ ನನಗೆ ಯಾವ ಅನುಮಾನವೂ ಉಳಿಯಲಿಲ್ಲ.

ಶನಿವಾರ ಎಲ್ಲರೂ ಮಷೀನಿನ ಹತ್ತಿರ ಸೇರಿದರು. ನಾನು ಹಾಳೆ ಮುಂದಿಟ್ಟು ಹೇಳಿದೆ. “ಆಗಲ್ಲ. ಈ ನಂಬರ್ ಇಲ್ಲಿಗೆ ಬಂದು ನಿಲ್ಲುತ್ತೆ. 6529 ಹಲ್ಲಿನ ಚಕ್ರ ಬೇಕಾಗುತ್ತೆ. ಹಲ್ಲಿಗೆ ಮೂರೇ ಮಿಲ್ಲಿಮೀಟರ್ ಜಾಗ ಇಟ್ಟರೂ ಚಕ್ರ ಆರು ಮೀಟರಿಗಿಂತ ಅಗಲ. ಈ ಶೆಡ್ಡಲ್ಲಿ ಹಿಡಿಯಲ್ಲ.”

ಹಿರಿಯರು ಹಾಳೆಯನ್ನು ಎತ್ತಿಕೊಂಡು ಕನ್ನಡಕದ ಕೆಳಗಿನಿಂದ ನಿಧಾನ ನೋಡಿದರು.

“ನಲವತ್ತೇಳಕ್ಕೆ ಯಾಕೆ ನಿಲ್ಲಿಸಿದೆ?”

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಅಲ್ಲಿಗೇ ಮುಗಿಯುತ್ತಲ್ಲ ಸಾರ್.”

“ಏನು ಮುಗಿಯುತ್ತೆ?”

“ಪ್ಲೇಟು.”

ಅಂದ ಮೇಲೇ ನನಗೆ ತಿಳಿದದ್ದು. ಏಳು ವರ್ಷ ನನ್ನ ಮಟ್ಟಿಗೆ ಇನ್ನು ಒಡೆಯಲಾಗದ ಗಟ್ಟಿ ಸಂಖ್ಯೆಗಳು ಅಂದರೆ ಆ ಮೂರು ಪ್ಲೇಟಿನ ಮೇಲಿದ್ದ ಸಂಖ್ಯೆಗಳೇ. ಹನ್ನೊಂದು ಮೂವತ್ಮೂರರ ಸಾಲಿನಲ್ಲಿ, ಹದಿಮೂರು ಮೂವತ್ತೊಂಬತ್ತರ ಸಾಲಿನಲ್ಲಿ, ಮೂವತ್ತೇಳು, ನಲವತ್ತೊಂದು, ನಲವತ್ಮೂರು, ನಲವತ್ತೇಳಕ್ಕೆ ಅದರದರದೇ ಸಾಲು. ಅದರ ಆಚೆ ಐವತ್ಮೂರು ಅಂತ ಒಂದಿದೆ, ಅದರಿಂದಲೂ ಭಾಗಿಸಿ ನೋಡಬೇಕು ಅಂತ ನನ್ನ ತಲೆಗೆ ಬಂದೇ ಇರಲಿಲ್ಲ. ಬೆರಳಿಗೆ ತೂತು ಸಿಗದ ಸಂಖ್ಯೆ ಇಲ್ಲವೇ ಇಲ್ಲ ಅಂತ ಕೈ ನಂಬಿಬಿಟ್ಟಿತ್ತು.

ಡಿಪ್ಲೊಮಾ ಬಿದ್ದು ಬಿದ್ದು ನಕ್ಕ. “ಪ್ಲೇಟ್ ಮುಗಿದ್ರೆ ನಂಬರೂ ಮುಗೀತಾ ಗುರು? ಒಳ್ಳೆ ಕಥೆ ಆಯ್ತಲ್ಲ!”

“ನೀನು ಮುಂದಿಂದು ಹೇಳಪ್ಪಾ ಹಂಗಾದ್ರೆ” ಅಂದೆ.

“ನಂದೇನಿದ್ರೂ ಹೆಡ್ ಕೈಗೆ ಬಂದ್ಮೇಲೆ.”

ಓನರ್ ಕೈ ಮುಂದೆ ಚಾಚಿದರು, ಕೀಗೋಸ್ಕರ. ಹಿರಿಯರು ತಡೆದರು. “ಇರಲಿ ರೀ, ಸೋಮವಾರದ ತನಕ ನೋಡಲಿ. ನನಗೇನು ಅರ್ಜೆಂಟಿಲ್ಲ.” ಅವರು ನನ್ನ ಪರವಾಗಿ ಮಾತಾಡಿದ್ದೂ ನನಗೆ ಒಳಗೊಳಗೇ ಚುಚ್ಚಿತು. ಸೋಮವಾರ ಎಲ್ಲರ ಮುಂದೆ ಇನ್ನೂ ಚೆನ್ನಾಗಿ ನಗಬಹುದು ಅಂತಲೇ ಇರಬೇಕು.

ಭಾನುವಾರ ಬೆಳಿಗ್ಗೆ ಹಳೇ ಕ್ಯಾಲೆಂಡರಿನ ಹಿಂಬದಿ ತಗೊಂಡು ಬಾಗಿಲ ಹತ್ತಿರ ಕೂತೆ. ನನ್ನ ಹೆಂಡತಿ ರೊಟ್ಟಿ ಬಡಿಯುತ್ತಿದ್ದವಳು ಎರಡು ಮೂರು ಸಲ ಬಗ್ಗಿ ನೋಡಿದಳು. ವಾರವಿಡೀ ನನ್ನ ಜೇಬಿನಲ್ಲಿ ಅಂಕಿ ತುಂಬಿದ ಚೀಟಿಗಳನ್ನು ನೋಡಿದ್ದಳು.

“ಏನ್ರೀ ಇದು? ಓಸಿ ನಂಬರ್ ಬರ್ಯಾಕತ್ತೀರೇನು?”

“ಮಟ್ಕಾ ಆಡೋ ಮಾರಿ ಕಾಣ್ತದೇನು ನಂದು?”

“ಆಡೋರ ಮಾರಿ ಹೆಂಗಿರ್ತದ ನನಗೇನ್ ಗೊತ್ತು. ನಮ್ಮ ಕಾಕಾನೂ ಹಿಂಗ ಗ್ವಾಡಿಗೆ ಮುಖ ಮಾಡಿ ಬರೀತಿದ್ದ.”

ಹೇಳಲೇಬೇಕಾಯಿತು. ಹೆಡ್ಡು, ಕೀ, ಮುದುಕರು, ಪ್ಲೇಟು, ಎಲ್ಲ. ಅವಳು ಹತ್ತನೇ ಇಯತ್ತೆ ಪಾಸಾದವಳು; ಆ ಮಾತನ್ನು ನಾವಿಬ್ಬರೂ ಮನೆಯಲ್ಲಿ ಎತ್ತುತ್ತಿರಲಿಲ್ಲ. ಕೈ ಒರೆಸಿಕೊಂಡು ಬಂದು ಕೂತಳು. “ನೀವೊಂದು ಕಡೆ ಮಾಡ್ರಿ, ನಾನೊಂದು ಕಡೆ ಮಾಡ್ತೀನಿ. ಆಮ್ಯಾಲೆ ಕೂಡಿಸಿ ನೋಡೋಣು. ನೀವು ನನ್ನದು ನೋಡಬ್ಯಾಡ್ರಿ ಮತ್ತ.”

ಐವತ್ಮೂರಕ್ಕೆ ಭಾಗ ನೂರಿಪ್ಪತ್ಮೂರು, ಶೇಷ ಹತ್ತು. ಇಬ್ಬರದೂ ಒಂದೇ. ಐವತ್ತೊಂಬತ್ತಕ್ಕೆ ಭಾಗ ನೂರಹತ್ತು, ಶೇಷ ಮೂವತ್ತೊಂಬತ್ತು. ಆಮೇಲೆ ಅರವತ್ತೊಂದು. ಅರವತ್ತೊಂದು ನೂರ ಏಳಲಿ 6527. ಎರಡೇ ಎರಡು ಹೆಚ್ಚು. ಆ ಎರಡು ಇಲ್ಲದಿದ್ದರೆ ಅರವತ್ತೊಂದು ಹಲ್ಲಿನದೊಂದು, ನೂರ ಏಳು ಹಲ್ಲಿನದೊಂದು, ಎರಡು ಚಕ್ರದಲ್ಲಿ ಕೆಲಸ ಮುಗಿದು ನಾನು ಸುಳ್ಳನಾಗುತ್ತಿದ್ದೆ. ಮೂರು ಸಲ ಮಾಡಿದೆ. ಎರಡು ಉಳಿದೇ ಉಳಿಯಿತು.

ಅರವತ್ತೇಳು, ಎಪ್ಪತ್ತೊಂದು, ಎಪ್ಪತ್ಮೂರು, ಎಪ್ಪತ್ತೊಂಬತ್ತು. ಯಾವುದೂ ಇಲ್ಲ. ಎಂಬತ್ಮೂರೂ ಇಲ್ಲ.

“ಹಿಂಗ ಎಲ್ಲೀ ತನಕ ಮಾಡ್ತೀರಿ?” ಅಂದಳು. “ಆರು ಸಾವಿರದ ತನಕಾ? ಸ್ವಾಮಾರ ಅಂದ್ರ ನಾಳೇನ ಐತಿ.”

ಹಾಳೆಯನ್ನು ನೋಡುತ್ತ ಕೂತೆ. ಎಡಗಡೆ ನಾನು ಭಾಗಿಸಿದ ಸಂಖ್ಯೆಗಳು, ಕೆಳಗೆ ಇಳಿದಂತೆ ದೊಡ್ಡದಾಗುತ್ತಿದ್ದವು. ಬಲಗಡೆ ಬಂದ ಭಾಗ, ಕೆಳಗೆ ಇಳಿದಂತೆ ಸಣ್ಣದಾಗುತ್ತಿತ್ತು: ನೂರಿಪ್ಪತ್ಮೂರು, ನೂರಹತ್ತು, ನೂರ ಏಳು, ತೊಂಬತ್ತೇಳು, ತೊಂಬತ್ತೊಂದು, ಎಂಬತ್ತೊಂಬತ್ತು, ಎಂಬತ್ತೆರಡು. ಎಂಬತ್ಮೂರಕ್ಕೆ ಬಂದಾಗ ಭಾಗ ಎಪ್ಪತ್ತೆಂಟು. ಬಲಗಡೆಯದು ಎಡಗಡೆಗಿಂತ ಚಿಕ್ಕದಾಗಿಬಿಟ್ಟಿತ್ತು. ಇನ್ನು ಮುಂದೆ ಯಾವ ದೊಡ್ಡ ಸಂಖ್ಯೆಯಿಂದ ಸರಿಯಾಗಿ ಹೋಗಬೇಕಾದರೂ ಅದರ ಜೋಡಿ ಎಂಬತ್ತರ ಒಳಗಿನದೇ ಆಗಿರಬೇಕು. ಎಂಬತ್ತರ ಒಳಗಿನ ಎಲ್ಲವನ್ನೂ ನಾವು ನೋಡಿ ಆಗಿದೆ. ಎಂಬತ್ತೊಂದು ಎಂಬತ್ತೊಂದಲಿ ಮಾಡಿ ನೋಡಿದೆ: 6561. ದಾಟಿತು. ಮುಗಿಯಿತು.

ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಂಬತ್ತನೇ ಇಯತ್ತೆಯಲ್ಲೋ ಹತ್ತನೆಯದರಲ್ಲೋ ಹೇಳಿಕೊಡುತ್ತಿದ್ದರೋ ಏನೋ. ಹೆಂಡತಿಯನ್ನು ಕೇಳಿದೆ. “ನಮಗ ಹೇಳಿದ್ರೂ ನಾವು ಕೇಳಿಲ್ಲ ಬಿಡ್ರಿ” ಅಂದಳು. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕಪ್ಪಾಗಿತ್ತು.

ಸೋಮವಾರ ಹಿರಿಯರು ಹತ್ತು ಗಂಟೆಗೇ ಬಂದರು. ಅವರ ಕೈಯಲ್ಲೂ ಒಂದು ಹಾಳೆ. ಅವರೂ ಮನೆಯಲ್ಲಿ ಕೂತು ಭಾಗಿಸಿಕೊಂಡು ಬಂದಿದ್ದರು. ಎರಡೂ ಹಾಳೆಯನ್ನು ಮಷೀನಿನ ಬೆಡ್ಡಿನ ಮೇಲೆ ಪಕ್ಕಪಕ್ಕ ಇಟ್ಟರು. ಶೇಷಗಳು ಒಂದೊಂದಾಗಿ ತಾಳೆಯಾಗುತ್ತಾ ಬಂದವು. ಅರವತ್ತೇಳರಲ್ಲಿ ಅವರದು ಇಪ್ಪತ್ತು, ನನ್ನದು ಮೂವತ್ತು. ಡಿಪ್ಲೊಮಾ ಕ್ಯಾಲ್ಕುಲೇಟರ್ ತೆಗೆಯುವ ಮೊದಲೇ ಅವರು ಪೆನ್ನಿನಿಂದ ಮಾಡಿ ನೋಡಿದರು. “ನಂದು ತಪ್ಪು” ಅಂದರು. ಅಷ್ಟು ದೊಡ್ಡ ಆಫೀಸರು ಹಾಗೆ ಒಪ್ಪಿಕೊಂಡಿದ್ದನ್ನು ನಾನು ಆ ಶೆಡ್ಡಿನಲ್ಲಿ ಮೊದಲ ಸಲ ನೋಡಿದ್ದು.

“ಎಂಬತ್ಮೂರಕ್ಕೆ ಯಾಕೆ ನಿಲ್ಲಿಸಿದೆ ಅಂತ ಕೇಳಲ್ಲ” ಅಂದರು.

“ಕೇಳಿ ಸಾರ್, ಹೇಳ್ತೀನಿ.”

ಹೇಳಿದೆ. ಎರಡು ಸಾಲು ದಾಟಿಕೊಂಡಿದ್ದನ್ನು ಬೆರಳಿಟ್ಟು ತೋರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

ಆಮೇಲೆ ನಾನು ಮನಸ್ಸಿನಲ್ಲಿದ್ದದ್ದನ್ನು ಕೇಳಿಬಿಟ್ಟೆ. “ಈ ನಂಬರ್ ನಿಮಗೆ ಯಾರು ಕೊಟ್ಟಿದ್ದು ಸಾರ್?”

ಅವರು ಚೀಲದಿಂದ ಮೂರು ಊರಿನ ಮೂರು ಪಂಚಾಂಗ ತೆಗೆದರು. ಮೂರರಲ್ಲೂ ಅದೇ ಸಂಖ್ಯೆ ಇತ್ತು, ಒಂದು ಅಂಕಿಯೂ ಬೇರೆ ಇರಲಿಲ್ಲ. “ಯಾರು ಕೊಡ್ತಾರಪ್ಪಾ? ಚಂದ್ರನ್ನ ನೋಡಿ ಬರೆದಿಟ್ಟೋರು ಚಕ್ರ ಕೊರೆಯೋರನ್ನ ಕೇಳಿ ಬರೀಲಿಲ್ಲ.” ನಂತರ ಡಿಪ್ಲೊಮಾ ಕಡೆ ತಿರುಗಿದರು. “ಇವರು ಶುಕ್ರವಾರ ಕಾಫಿಗೆ ಕರೆದು ಹೇಳಿದ್ರು, ಅವನು ಎಂಟನೇ ಕ್ಲಾಸು, ಅವನಿಗೆ ಕೊಡಬೇಡಿ, ಹೊರಗಡೆ ನಾನೇ ಮಾಡಿಸ್ಕೊಡ್ತೀನಿ ಅಂತ. ಹೇಗೆ ಮಾಡ್ತೀರಿ ಅಂತ ನಾನು ಇನ್ನೂ ಕಾಯ್ತಾ ಇದೀನಿ.”

ಹಾಗಾಗಿ ನನ್ನ ಗುಮಾನಿ ಅರ್ಧ ಸರಿ, ಅರ್ಧ ತಪ್ಪು. ಹಿರಿಯರ ಮಟ್ಟಿಗೆ ತಪ್ಪಿದ್ದೆ.

ಡಿಪ್ಲೊಮಾ ಮುಖ ಕೆಂಪಾಗಿ, “ಸಾರ್, ಹತ್ತೊಂಬತ್ತು ವರ್ಷಕ್ಕೆ ಇನ್ನೂರ ಮೂವತ್ತೈದು ಹುಣ್ಣಿಮೆ ಅಂತ ಇಟ್ರೆ ಆರಾಮಾಗಿ ಆಗುತ್ತೆ. ಸ್ವಲ್ಪ ವ್ಯತ್ಯಾಸ. ಯಾರಿಗೂ ಗೊತ್ತಾಗಲ್ಲ” ಅಂದ.

ಹಿರಿಯರು ಹಾಳೆಯ ಮೂಲೆಯಲ್ಲಿ ಲೆಕ್ಕ ಹಾಕಿದರು. “ಎಂಬತ್ತು ಚಿಲ್ಲರೆ ವರ್ಷಕ್ಕೆ ಒಂದು ದಿನ ತಪ್ಪುತ್ತೆ. ನಾನಂತೂ ನೋಡೋಕೆ ಇರಲ್ಲ.” ಪೆನ್ನಿನ ಮುಚ್ಚಳ ಹಾಕಿದರು. “ಆದ್ರೂ ಬೇಡ. ತಪ್ಪು ಅಂತ ಗೊತ್ತಿದ್ದೂ ಮನೇಲಿಟ್ಕೊಂಡು ಏನು ಮಾಡ್ಲಿ?” ಗ್ರಾಫ್ ಹಾಳೆ ಮಡಿಚಿ ಚೀಲಕ್ಕೆ ಹಾಕಿಕೊಂಡರು. ನನ್ನ ಹಾಳೆಯನ್ನೂ ಕೇಳಿ ಇಸಿದುಕೊಂಡರು. ಹೋದರು.

ಓನರ್ ಅವರು ಗಲ್ಲಿ ತಿರುಗುವ ತನಕ ಕಾದರು. “ಎನ್ನಪ್ಪಾ ನೀನು? ಬಂದ ಗಿರಾಕಿನ ಲೆಕ್ಕ ಹೇಳಿ ಓಡಿಸ್ತೀಯಾ?”

“ಲೆಕ್ಕ ಸರಿ ಇದೆ ಸಾರ್.”

“ಸರಿ ಇದ್ರೆ ನಾನೇನು ಮಾಡ್ಲಿ, ಫ್ರೇಮ್ ಹಾಕಿಸ್ಲಾ? ಆಗಲ್ಲ ಅನ್ನೋನಿಗೆ ಹೆಡ್ ಎದುಕ್ಕು?”

ಕೈ ಮತ್ತೆ ಮುಂದೆ ಬಂತು. ಈ ಸಲ ತಡೆಯುವವರು ಯಾರೂ ಇರಲಿಲ್ಲ. ಸೊಂಟದಿಂದ ಬಿಚ್ಚಿ ಕೊಟ್ಟೆ. ನಾನು ಹೇಳಿದ್ದು ನಿಜ ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಓನರಿಗೂ ಸೇರಿ. ಡ್ರಿಲ್ಲಿಂಗ್ ಮಷೀನಿಗೆ ನಿಲ್ಲಿಸಿದರು. ಹನ್ನೊಂದು ವಾರ ನಿಂತೆ. ಆ ಹನ್ನೊಂದು ವಾರದಲ್ಲಿ ಡಿಪ್ಲೊಮಾ ನೂರಿಪ್ಪತ್ತೇಳರ ಚಕ್ರ ನಾಲ್ಕು ಸಲ ಹಾಳುಮಾಡಿದ. ಐದನೇ ಸಲ ನನ್ನ ಹತ್ತಿರ ಬಂದು “ಮಗಾ, ಒಂದ್ನಿಮಿಷ ಬಾ” ಅಂದ. ತೂತು ಕೊರೆಯುತ್ತಿದ್ದೇನೆ, ಕೈ ಬಿಡುವಿಲ್ಲ ಅಂದೆ. ಮರುದಿನ ಕೆಲಸ ಬಿಟ್ಟೆ.

ಹೊರಮಾವಿನಲ್ಲಿ ಆಗಿನ್ನೂ ಅಪಾರ್ಟ್‌ಮೆಂಟು ಬಂದಿರಲಿಲ್ಲ, ಶೀಟಿನ ಶೆಡ್ಡು ಸಿಕ್ಕಿತು. ಗುಜರಿಯಿಂದ ಒಂದು ಹಳೇ ಮಿಲ್ಲಿಂಗ್ ಮಷೀನು ತಂದು ಆರು ತಿಂಗಳು ರಿಪೇರಿ ಮಾಡಿದೆ. ಮೊದಲ ಕೆಲಸ ಬಂದದ್ದು ಇಂದಿರಾನಗರದಿಂದ, ಆ ಹಿರಿಯರ ಹಳೇ ಆಫೀಸಿನ ಸ್ನೇಹಿತರೊಬ್ಬರ ಮೂಲಕ. “ಆಗದ್ದನ್ನ ಆಗಲ್ಲ ಅಂತ ಹೇಳ್ತೀರಂತೆ” ಅಂದರು. ಹಾಗೆ ಹೇಳಿ ಕೆಲಸ ಕಳಕೊಂಡವನಿಗೆ ಅದೇ ಮಾತಿನಿಂದ ಕೆಲಸ ಬಂದರೆ ನಂಬುವುದು ಹೇಗೆ? ಒಂದು ವರ್ಷ ನಂಬಲಿಲ್ಲ. ಪ್ರತಿ ಡ್ರಾಯಿಂಗನ್ನೂ ಎಲ್ಲಿ ಸಿಕ್ಕಿಸಿದ್ದಾರೆ ಅಂತ ತಿರುವಿ ತಿರುವಿ ನೋಡುತ್ತಿದ್ದೆ. ಈಗಲೂ ನೋಡುತ್ತೇನೆ. ಹಿರಿಯರ ಗಡಿಯಾರ ಏನಾಯಿತು ಅಂತ ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ.

ಇದನ್ನು ಬರೆಯುತ್ತಿರುವುದು 2008ರಲ್ಲಿ. ಈಗ ನನ್ನ ಬಳಿ ಎರಡು ಮಿಲ್ಲಿಂಗ್ ಮಷೀನು, ಒಂದು ಲೇಥು, ಎರಡು ಡಿವೈಡಿಂಗ್ ಹೆಡ್ಡು, ಆರು ಪ್ಲೇಟು, ನಾಲ್ಕು ಜನ ಕೆಲಸದವರು, ಎರಡು ಕೋಣೆಯ ಒಂದು ಮನೆ ಇವೆ.